ಬಂದ್ ಮಾಡಿದ ಮೇಲಿನ ಬೆಳಕು

ನಲ್ಲಿಯಲ್ಲಿ ನೀರು ಬರುವ ದಿನ ಬೆಳಿಗ್ಗೆ ನಾನು ಬೇರೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಅಂದೂ ಹಿತ್ತಲಲ್ಲಿ ಪೈಪು ಹಿಡಿದು ಡ್ರಮ್ಮಿಗೆ ನೀರು ಬಿಡುತ್ತಿದ್ದೆ. ಡ್ರಮ್ಮು ಅರ್ಧ ತುಂಬಿತ್ತೋ ಏನೋ, ಒಳಗಿನ ಕೋಣೆಯಿಂದ ಯಾರೋ ಉಸಿರು ಬಿಟ್ಟ ಸದ್ದು ಕೇಳಿತು. ಗಂಡಸಿನ ಉಸಿರು. ದಿನವಿಡೀ ಏಣಿ ಹತ್ತಿ ಇಳಿದವರು ಗೋಡೆಗೆ ಬೆನ್ನು ಕೊಟ್ಟು ಕೂರುವಾಗ ಎದೆಯಾಳದಿಂದ ಹೊರಡುತ್ತದಲ್ಲ, ಅಂಥದ್ದು. ಮೇಲಿಂದ ಶುರುವಾಗಿ ಇಳಿಯುತ್ತಾ ಇಳಿಯುತ್ತಾ ನೆಲಕ್ಕೆ ತಾಗಿ ನಿಂತಿತು.

ನನ್ನ ಗಂಡ ಆಸಿಮ್ ಹಾಗೆಯೇ ಕೂರುತ್ತಿದ್ದರು.

ಪೈಪು ಕೈ ತಪ್ಪಿದ್ದು ಗೊತ್ತಾಗಲಿಲ್ಲ. ನೀರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಿಯುತ್ತಿತ್ತು. ನಾನು ಹಾಗೇ ಓಡಿ ಕೋಣೆಯ ಬಾಗಿಲಿಗೆ ಬಂದೆ. ಒಳಗೆ ನನ್ನ ಮಗಳು ಶಾಹಿಸ್ತಾ ಒಬ್ಬಳೇ ನೆಲದ ಮೇಲೆ ಕೂತಿದ್ದಳು. ಅವಳ ಮುಂದೆ ಪ್ಲೈವುಡ್ಡಿನ ಡಬ್ಬಿ, ಡಬ್ಬಿಯ ಮೇಲೆ ಸಾಲಾಗಿ ಎಂಟು ತಿರುಗಣೆ, ಒಂದೊಂದರ ಪಕ್ಕದಲ್ಲಿ ಒಂದೊಂದು ಪುಟ್ಟ ದೀಪ.

"ಅಮ್ಮಿ, ಒದ್ದೆ ಕಾಲಾಗ ಒಳಗ ಬರಬ್ಯಾಡ," ಎಂದಳು, ತಿರುಗಿ ನೋಡದೆ.

"ಏನದು ಸದ್ದು?"

"ಏನೂ ಇಲ್ಲ. ಬಂದ್ ಮಾಡಿದೆ, ಅಷ್ಟೆ."

ಸ್ವಿಚ್ ಬಂದ್ ಆಗಿತ್ತು. ಗೋಡೆಯ ಬೋರ್ಡಿನಲ್ಲಿ ನನಗೂ ಕಾಣುತ್ತಿತ್ತು. ಆದರೆ ಡಬ್ಬಿಯ ಎಂಟೂ ದೀಪಗಳು ಇನ್ನೂ ಹಸಿರಾಗಿ, ಮಂಕಾಗಿ ಉರಿಯುತ್ತಿದ್ದವು. ಇಬ್ಬರೂ ಅವನ್ನು ನೋಡುತ್ತಾ ಇದ್ದೆವು. ಕಣ್ಣು ಮುಚ್ಚುವ ಮುಂಚೆ ಯಾರೋ ನಮ್ಮನ್ನು ದಿಟ್ಟಿಸಿದ ಹಾಗೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಆರಿದವು.

ಆಸಿಮ್ ತೀರಿಹೋದಾಗ ಶಾಹಿಸ್ತಾಗೆ ಆರು ವರ್ಷ. ಈಗ ಒಂಬತ್ತನೇ ಕ್ಲಾಸು.

ಆಗ ನಾವು ಹರಿಹರದಲ್ಲಿದ್ದೆವು. ಆಸಿಮ್ ಮತ್ತು ಅವರ ಅಣ್ಣ ಚಾಂದ್ ಪಾಷಾ ಸೇರಿ ಮದುವೆ, ಉರುಸು, ಗಣಪತಿ ಎಲ್ಲದಕ್ಕೂ ಸೀರಿಯಲ್ ಸೆಟ್ಟಿನ ದೀಪದ ಸರ ಕಟ್ಟುತ್ತಿದ್ದರು. ಅವರ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಮೇಲೆ ಏಣಿಯಲ್ಲಿ ಯಾರಾದರೂ ಇದ್ದಾಗ ಕೆಳಗೆ ಸ್ವಿಚ್ ಬೋರ್ಡಿನ ಹತ್ತಿರ ಮನೆಯವರೇ ಕೂರಬೇಕು. ಕೂಲಿಯವರು ಬೇಡ, ಮದುವೆ ಮನೆಯವರಂತೂ ಬೇಡವೇ ಬೇಡ; ಬೀಡಿ ಹಚ್ಚಿಕೊಂಡು ಬಂದ ನೆಂಟನೊಬ್ಬ ಸುಮ್ಮನೆ ಒತ್ತಿಬಿಟ್ಟರೆ ಮುಗಿಯಿತು. ಅವರ ಅಪ್ಪನ ಕಾಲದಲ್ಲಿ ಬೋರ್ಡಿನ ಹತ್ತಿರ ಆಸಿಮ್ ಕೂರುತ್ತಿದ್ದರಂತೆ. ನಮ್ಮ ಕಾಲಕ್ಕೆ ಶಾಹಿಸ್ತಾ ಕೂರುತ್ತಿದ್ದಳು. "ಹೆಣ್ಣು ಮಗು ಕೂತಿದ್ರೆ ಯಾವನೂ ಬೋರ್ಡಿಗೆ ಕೈ ಹಾಕಲ್ಲ ನೋಡು," ಎಂದು ಆಸಿಮ್ ಹೆಮ್ಮೆ ಪಡುತ್ತಿದ್ದರು. 'ಹಾಕು ಬೇಟಿ' ಎಂದರೆ ಹಾಕುವಳು, 'ಬಂದ್ ಮಾಡು' ಎಂದರೆ ಬಂದ್ ಮಾಡುವಳು. ಅವಳಿಗೆ ಅದು ಆಟ.

ಆ ಸಂಜೆ ಹೊಳೆ ಕಡೆಯ ಒಂದು ಶಾದಿಮಹಲಿನಲ್ಲಿ ಗೇಟಿನ ಮೇಲೆ ಆ ವರ್ಷವಷ್ಟೇ ತಂದ ಎಲ್‌ಇಡಿ ಸರ ಮಿಣುಕುತ್ತಿತ್ತು. ಜಾಯಿಂಟು ಸರಿ ಮಾಡಲು ಆಸಿಮ್ ಏಣಿ ಹತ್ತಿದರು. ಬಂದ್ ಮಾಡು ಅಂದರು. ಆಮೇಲೆ ಬಿದ್ದರು. ಏಣಿಯಿಂದ ಬೀಳುವ ಮೊದಲೇ ಜೀವ ಹೋಗಿತ್ತು ಎಂದು ಡಾಕ್ಟರು ಹೇಳಿದರು.

ಮೂರನೇ ದಿನದ ಜಿಯಾರತ್ ಮುಗಿದ ಮಧ್ಯಾಹ್ನ ಚಾಂದ್ ಪಾಷಾ ಭಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಆಸಿಮ್ ಬಿದ್ದಾಗ ಮೊದಲು ಹತ್ತಿರ ಓಡಿದವರು ಅವರೇ. "ದೀಪ ಪೂರ್ತಿ ಆರಿರಲಿಲ್ಲ ಫಿರ್ದೌಸ್," ಎಂದರು. "ಸಣ್ಣಗೆ ಉರೀತಿದ್ವು. ನಾನು ಕಣ್ಣಾರೆ ನೋಡೀನಿ. ಮಗು ಸ್ವಿಚ್ ಅರ್ಧ ಒತ್ತಿರಬೇಕು. ಆ ಬೋರ್ಡ್ ಹಳೇದು." ಆಮೇಲೆ ದನಿ ತಗ್ಗಿಸಿ, "ಇದು ನಮ್ಮಿಬ್ಬರ ಹತ್ರನೇ ಇರ್ಲಿ. ಮಗೀನ ಮುಂದೆ ಕರೆಂಟಿನ ಮಾತು ಯಾರೂ ಎತ್ತಬಾರದು," ಎಂದರು. ಯಾರೂ ಎತ್ತಲಿಲ್ಲ. ಅಬ್ಬಾಗೆ ಹಾರ್ಟ್ ನಿಂತಿತು ಎಂದೆವು. ಅದು ಸುಳ್ಳೂ ಅಲ್ಲವಲ್ಲ.

ಆಮೇಲೆ ನಾನು ದಾವಣಗೆರೆಗೆ ಬಂದೆ. ಎಂ.ಸಿ.ಸಿ. ಬಿ ಬ್ಲಾಕಿನ ಹಿಂದೆ ಸಣ್ಣ ಮನೆ. ಬ್ಲೌಸು ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ. ಮಗಳಿಗೆ ಎಷ್ಟು ನೆನಪಿದೆಯೋ ನನಗೆ ತಿಳಿಯದು. ಒಂದಲ್ಲ ಒಂದು ದಿನ ಅವಳು ಕೇಳುತ್ತಾಳೆ, ನಾನು ಅವಳ ಕಣ್ಣು ನೋಡಿಕೊಂಡು ಸುಳ್ಳು ಹೇಳಬೇಕಾಗುತ್ತದೆ ಎಂದು ಗೊತ್ತಿತ್ತು. ಆ ಸುಳ್ಳನ್ನು ರೊಟ್ಟಿ ತಟ್ಟುವಾಗ, ಹೊಲಿಯುವಾಗ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದೇನೆ. ಅವಳು ಕೇಳಲೇ ಇಲ್ಲ. ಕೇಳದೆ ಬಿಟ್ಟ ಆ ಮಾತು ನಮ್ಮ ಮನೆಯಲ್ಲಿ ಇನ್ನೊಬ್ಬರಿದ್ದ ಹಾಗೆ ಇತ್ತು. ಊಟಕ್ಕೆ ಕೂತರೆ ಪಕ್ಕದಲ್ಲಿ, ಮಲಗಿದರೆ ನಮ್ಮಿಬ್ಬರ ನಡುವೆ.

ಚಿಕ್ಕವಳಾಗಿದ್ದಾಗ ಫ್ಯಾನ್ ಹಾಕಬೇಕೆಂದರೂ ನನ್ನನ್ನೇ ಕರೆಯುತ್ತಿದ್ದಳು. ನಾನು ಕೈಕೆಲಸ ಬಿಟ್ಟು ಹೋಗಿ ಹಾಕಿ ಬರುತ್ತಿದ್ದೆ, ಒಂದು ಸಲವೂ ಯಾಕೆಂದು ಕೇಳದೆ.

ಹೀಗಿದ್ದವಳು ಈ ವರ್ಷ ಶಾಲೆಯ ವಸ್ತುಪ್ರದರ್ಶನಕ್ಕೆ ಸಿಂಥಸೈಜರ್ ಮಾಡುತ್ತೇನೆ ಎಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿಜ್ಞಾನದ ಪದ್ಮಶ್ರೀ ಮೇಡಂ ಅವಳಿಗೆ ಹೇಳಿಕೊಟ್ಟಿದ್ದರು. ಮಿಕ್ಕಿದ್ದನ್ನು ಮೊಬೈಲಿನಲ್ಲಿ ನೋಡಿ ಕಲಿತಳು. ತಂತಿಯಿಲ್ಲ, ತೊಗಲಿಲ್ಲ, ಕರೆಂಟೇ ಸ್ವರವಾಗುತ್ತದೆ ಎಂದು ನನಗೆ ವಿವರಿಸಿದಳು. ಒಂದೊಂದು ತಿರುಗಣೆಗೆ ಒಂದೊಂದು ಸ್ವರ. ಯಾವುದು ನುಡಿಯುತ್ತಿದೆ ಎಂದು ತೋರಿಸಲು ಅದರ ಪಕ್ಕ ದೀಪ.

ದೀಪಗಳಿಗೆಂದು ಅವಳು ಮೊದಲು ತೆಗೆದದ್ದು ಆಸಿಮ್ ಬಿಟ್ಟುಹೋದ ಬಿಸ್ಕತ್ತಿನ ಡಬ್ಬಿಯನ್ನು. ಅದರ ತುಂಬ ಸೀರಿಯಲ್ ಸೆಟ್ಟಿನ ಬಿಡಿ ಎಲ್‌ಇಡಿಗಳಿದ್ದವು, ಬೀದಿ ತುದಿಗೂ ಕಾಣಬೇಕೆಂದು ಆರಿಸಿದಂಥವು. ಬಿಳಿ, ನೀಲಿ, ಕೆಲವು ಹಳೆಯ ಕೆಂಪು. ಎಂಟನ್ನೂ ಜೋಡಿಸಿ ಹಾಕಿದಾಗ ಕೋಣೆಯ ಸೂರಿನ ಮೇಲೆ ಎಂಟು ಚಂದ್ರರು. ಆದರೆ ಸ್ವರ ನಿಲ್ಲಲಿಲ್ಲ. ಒಂದೇ ದೀಪವಿದ್ದಾಗ ಸರಿಯಾಗಿ ನುಡಿಯುತ್ತಿದ್ದ 'ಸ', ಇನ್ನೊಂದು ದೀಪ ಹತ್ತಿದ ಕೂಡಲೇ ಕೆಳಗೆ ಜಾರುತ್ತಿತ್ತು. ಎಲ್ಲ ಹತ್ತಿದಾಗ ಜ್ವರ ಬಂದವರ ನರಳಾಟ.

"ಯಾಕ ಹಂಗಾಗ್ತೈತೆ?" ಎಂದು ಕೇಳಿದೆ.

"ಓಣಿಯಾಗ ಎಲ್ಲಾರೂ ಮೋಟರ್ ಹಾಕಿದ್ರೆ ನಮ್ಮ ನಲ್ಲೀಲಿ ನೀರು ಸಣ್ಣ ಆಗಲ್ಲೇನು? ಹಂಗೆ. ಅಡಾಪ್ಟರ್ ಕೊಡೋದೇ ಇಷ್ಟು. ದೀಪನೇ ಎಲ್ಲಾ ಕುಡಿದುಬಿಟ್ರೆ ಸ್ವರಕ್ಕೆ ಏನು ಉಳೀತೈತೆ?"

"ದೊಡ್ಡ ಅಡಾಪ್ಟರ್ ತರೋಣೇನು?"

"ಬ್ಯಾಡ," ಎಂದಳು, ಸ್ವಲ್ಪ ಬಿರುಸಾಗಿ. "ಕರೆಂಟ್ ಜಾಸ್ತಿ ಬ್ಯಾಡ. ದೀಪನೇ ಕಮ್ಮಿ ಕುಡೀಬೇಕು."

ಅಲ್ಲಿಂದ ಶುರುವಾಯಿತು ಅವಳ ಆಯ್ಕೆ. ಶಾಲೆಯಿಂದ ಬಂದು ಮುಖ ತೊಳೆಯುವುದಕ್ಕೂ ಮುಂಚೆ ಡಬ್ಬಿಯ ಮುಂದೆ ಕೂರುವಳು. ಹಗಲು ಬೆಳಕಿನಲ್ಲಿ ಗೊತ್ತಾಗುವುದಿಲ್ಲವೆಂದು ನನ್ನ ಕಪ್ಪು ದುಪ್ಪಟ್ಟಾ ತೆಗೆದು ತಲೆಗೂ ಡಬ್ಬಿಗೂ ಒಟ್ಟಿಗೆ ಹೊದ್ದುಕೊಂಡು ಒಂದೊಂದೇ ದೀಪ ನೋಡುವಳು. ಹಳೆಯ ಕೆಂಪು ದೀಪಗಳು ಹೊಟ್ಟೆಬಾಕ. ಸ್ವಲ್ಪ ಕಡಿಮೆ ಕೊಟ್ಟರೆ ಸಪ್ಪಗಾಗುತ್ತವೆ. ಬಿಳಿಯವು ಕಡಿಮೆ ಕೊಟ್ಟರೂ ಕಣ್ಣಿಗೆ ಚುಚ್ಚುತ್ತವೆ. ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹೊಸ ನಮೂನೆಯ ಹಸಿರು ಸಿಕ್ಕಿತು. ಮನುಷ್ಯರ ಕಣ್ಣು ಹಸಿರನ್ನು ಬೇಗ ಹಿಡಿಯುತ್ತದಂತೆ. ದೀಪಕ್ಕೆ ಹೋಗುವ ದಾರಿಯಲ್ಲಿ ಕರೆಂಟನ್ನು ತಡೆಯುವ ರೆಸಿಸ್ಟರುಗಳನ್ನು ಒಂದಕ್ಕಿಂತ ಒಂದು ದೊಡ್ಡದು ಹಾಕುತ್ತಾ ಹೋದಳು. ಮೊದಲು ಇಪ್ಪತ್ತು ಮಿಲಿಆಂಪ್ ಕುಡಿಯುತ್ತಿದ್ದ ಜಾಗದಲ್ಲಿ ಈಗ ಅರ್ಧ ಸಾಕಾಗಿತ್ತು. ಇಪ್ಪತ್ತರಲ್ಲಿ ಅರ್ಧ ಅಲ್ಲ ಅಮ್ಮಿ, ಒಂದರಲ್ಲಿ ಅರ್ಧ, ಎಂದು ಮೀಟರನ್ನು ನನ್ನ ಮುಖಕ್ಕೆ ಹಿಡಿದಳು. ಸ್ವರಗಳು ಅಲುಗಾಡದೆ ನಿಂತವು. ಅವಳು ನನಗೊಂದು ಹಾಡಿನ ತುಣುಕು ನುಡಿಸಿ ತೋರಿಸಿದಳು. ನಾನು ಅಕ್ಕಿ ಆರಿಸುವುದು ಬಿಟ್ಟು ಕೇಳಿದೆ.

ಆ ಹಸಿರು ದೀಪಗಳನ್ನು ಹಾಕಿದ ಮೇಲೆಯೇ ಉಸಿರು ಬಿಡುವ ಸದ್ದು ಶುರುವಾದದ್ದು.

ಮೊದಲ ದಿನ ಹಿತ್ತಲಲ್ಲಿ ಕೇಳಿದೆನಲ್ಲ, ಆಮೇಲೆ ದಿನವೂ. ಅವಳು ಹಾಕುವಳು, ಬಂದ್ ಮಾಡುವಳು. ಬಂದ್ ಮಾಡಿದಾಗಲೆಲ್ಲ ಡಬ್ಬಿ ನಿಟ್ಟುಸಿರು ಬಿಟ್ಟು ಕೂರುವುದು. ದೀಪಗಳು ತಡವಾಗಿ ಕಣ್ಣು ಮುಚ್ಚುವವು. ಮತ್ತೆ ಹಾಕುವಳು. ನಾನು ಮಿಷನ್ನಿನ ಮುಂದೆ ಕೂತು ಬ್ಲೌಸಿಗೆ ತೋಳು ಜೋಡಿಸುತ್ತಿದ್ದರೆ ಗೋಡೆಯ ಆಚೆ ಆಸಿಮ್ ಬಂದು ಕೂತು, ಎದ್ದು, ಮತ್ತೆ ಬಂದು ಕೂರುತ್ತಿದ್ದರು. ಒಮ್ಮೆ ತಲೆ ಮೇಲೆ ಸೆರಗೆಳೆದುಕೊಂಡು ಚಹಾಕ್ಕೆ ನೀರು ಇಡಲು ಎದ್ದೇಬಿಟ್ಟೆ. ಎರಡು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು.

ಮಗಳಿಗೂ ಹಾಗೇ ಕೇಳಿಸುತ್ತಿದೆ, ಅಪ್ಪನನ್ನು ಕರೆಯುತ್ತಿದ್ದಾಳೆ ಎಂದುಕೊಂಡೆ. ಕರೆಯಲಿ, ಕರೆಯುವುದಕ್ಕೆ ಅವಳಿಗೊಂದು ದಾರಿಯಾದರೂ ಸಿಕ್ಕಿತಲ್ಲ ಎಂದು ಸುಮ್ಮನಿದ್ದೆ. ಆದರೆ ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ಅವಳ ಮುಖ ನೋಡಿದೆ. ಕರೆಯುವ ಮುಖ ಅದಲ್ಲ. ತುಟಿ ಬಿಗಿಹಿಡಿದು, ಒಂದು ಕೈ ಸ್ವಿಚ್ಚಿನ ಮೇಲೇ ಇಟ್ಟುಕೊಂಡು, ಬಂದ್ ಆಗಿದೆಯೋ ಇಲ್ಲವೋ ಎಂದು ಬೆರಳಿನಿಂದ ತಡವುತ್ತಾ, ಕಣ್ಣು ಮಾತ್ರ ಆ ಹಸಿರು ದೀಪಗಳ ಮೇಲೆ ನೆಟ್ಟಿದ್ದಳು.

"ಬಂದ್ ಮಾಡಿದ್ರೂ ಯಾಕ ಉರೀತಾವ?" ಎಂದು ಒಳಗೆ ಹೋಗಿ ಕೇಳಿದೆ. ದನಿ ಹಗುರ ಇರಲಿ ಎಂದು ನೋಡಿಕೊಂಡೆ.

"ಒಳಗ ಕೆಪಾಸಿಟರ್ ಐತೆ. ಸ್ವಲ್ಪ ಕರೆಂಟ್ ಕೂಡಿಟ್ಕೊಂಡಿರ್ತೈತೆ. ಮೊದ್ಲಿನ ದೀಪ ಅದನ್ನ ಗಟಕ್ಕಂತ ಕುಡಿದುಬಿಡ್ತಿದ್ವು. ಇವು ಒಂದೊಂದು ಗುಟುಕು ಕುಡೀತಾವ. ಅದಕ್ಕ ತಡ. ಸ್ವರಾನೂ ಹಂಗೇ ಇಳೀತಾ ಇಳೀತಾ ನಿಲ್ತೈತೆ." ಡಬ್ಬಿಯನ್ನೇ ನೋಡುತ್ತಾ ಹೇಳಿದಳು, "ಸೀರಿಯಲ್ ಸೆಟ್ಟಿನಾಗ ಇಂಥ ಕೆಪಾಸಿಟರ್ ಇರಲ್ಲ."

ಆ ಸಂಜೆಯ ದೀಪಗಳು ಅವಳಿಗೆ ನೆನಪಿದ್ದವು.

"ಅಮ್ಮಿ, ಭಾನುವಾರ ಬಡೇ ಅಬ್ಬಾನ ಅಂಗಡಿಗೆ ಹೋಗೋಣೇನು?"

ಹರಿಹರ ಬಿಟ್ಟ ಮೇಲೆ ದೊಡ್ಡಪ್ಪ ಚಾಂದ್ ಪಾಷಾ ಅವರ ಆ ಅಂಗಡಿಯ ಹೊಸ್ತಿಲನ್ನು ಅವಳು ತುಳಿದಿರಲಿಲ್ಲ. ಈದ್‌ಗೆ ಹೋದರೂ ಮನೆಯಲ್ಲೇ ಕೂತು ಬರುತ್ತಿದ್ದಳು. ಹೋಗೋಣ ಎಂದೆ. ಕುಕ್ಕರ್ ಕೂಗಿತು, ಒಳಗೆ ಹೋದೆ. ಒಲೆಯ ಮುಂದೆ ನಿಂತು ನನ್ನ ಸುಳ್ಳನ್ನು ಮತ್ತೊಮ್ಮೆ ಹೇಳಿ ನೋಡಿದೆ. ನೀನು ಅಲ್ಲಿ ಇರಲೇ ಇಲ್ಲ, ನನ್ನ ಹತ್ತಿರ ಮನೆಯಲ್ಲಿದ್ದೆ. ಎಷ್ಟು ಸಲ ಹೇಳಿದರೂ ಅದು ಒಣಗಿದ ರೊಟ್ಟಿಯ ಹಾಗೆ ಬಾಯಲ್ಲೇ ಉಳಿಯುತ್ತಿತ್ತು.

ಭಾನುವಾರ ಬಸ್ಸಿನಲ್ಲಿ ಅವಳು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ರಸ್ತೆಯ ಗುಂಡಿಗೆ ಬಸ್ಸು ಎಗರಿದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಅಪ್ಪಿಕೊಳ್ಳುತ್ತಿದ್ದಳು.

ಚಾಂದ್ ಪಾಷಾ ಭಾಯಿ ಅಂಗಡಿಯಲ್ಲಿ ನೆಲದ ಮೇಲೆ ಕೂತು ಸರಗಳ ಸಿಕ್ಕು ಬಿಡಿಸುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. "ಬರ್ರಿ ಬರ್ರಿ, ಇಂಜಿನಿಯರ್ ಮೇಡಂ ಬಂದ್ರು," ಎಂದು ಶಾಹಿಸ್ತಾಗೆ ಸ್ಟೂಲು ಒರೆಸಿಕೊಟ್ಟರು. ಎದುರಿನ ಹೋಟೆಲಿಗೆ ಕೈಸನ್ನೆ ಮಾಡಿ ಚಹಾ ಹೇಳಿದರು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇನು ಬೇಟಿ, ಮಿಣುಕು ಹುಳ ಹಿಡಿದು ಹಾಕೀಯೇನು? ನಿಮ್ಮಪ್ಪ ಇದ್ದಿದ್ರೆ ಈ ಡಬ್ಬಿನ ಮದುವೆ ಮಂಟಪ ಮಾಡಿಬಿಡ್ತಿದ್ದ. ಇಷ್ಟು ವರ್ಷದಾಗ ಕಮ್ಮಿ ಬೆಳಕು ಕೊಡ್ರಿ ಅಂತ ಕೇಳಿದ ಗಿರಾಕಿ ನಾನು ನೋಡಿಲ್ಲ."

"ನಿಮ್ಮ ಗಿರಾಕಿಗಳಿಗೆ ಕಿವಿ ಇಲ್ಲ, ಅದಕ್ಕೆ," ಎಂದಳು ಶಾಹಿಸ್ತಾ. ಅವರು ನಕ್ಕರು.

"ಬಡೇ ಅಬ್ಬಾ, ನನಗೊಂದು ಎಲ್‌ಇಡಿ ಸರ ಬೇಕು. ಸ್ವಿಚ್ ಇರೋ ಬೋರ್ಡ್, ಒಂದು ಟೆಸ್ಟರ್."

"ತಗೋ, ಎಲ್ಲಾ ನಿಂದೇ."

ಅವಳು ರಬ್ಬರ್ ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡಳು. ಸರವನ್ನು ಬೋರ್ಡಿಗೆ ಸಿಕ್ಕಿಸಿ, ಬೋರ್ಡಿನ ವೈರಿನ ಎರಡು ಪಿನ್ನಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದಳು. ಅಂಗಡಿಯ ಶಟರನ್ನು ಅರ್ಧ ಇಳಿಸಿದಳು. ಒಳಗೆ ಸಂಜೆಯಾದ ಹಾಗಾಯಿತು. ಸ್ವಿಚ್ ಹಾಕಿದಳು. ನೆಲದ ತುಂಬ ಹಳದಿ ಕಾಳುಗಳು ಉರಿದವು. ಬಂದ್ ಮಾಡಿದಳು. ಕತ್ತಲೆ. ಚೂರೂ ಬೆಳಕು ಉಳಿಯಲಿಲ್ಲ.

ಅವಳ ಭುಜ ಇಳಿಯಿತು. ಮತ್ತೊಮ್ಮೆ ಹಾಕಿ ಬಂದ್ ಮಾಡಿದಳು. ಅದೇ ಕತ್ತಲೆ. ಸಾಕು ಬಾ ಮಗಳೇ, ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪ್ಲಗ್ಗನ್ನು ಕಿತ್ತು, ಅಂಗೈಯಲ್ಲಿಟ್ಟು ನೋಡಿದಳು. ಎರಡು ಪಿನ್ನೂ ಒಂದೇ ಥರ. ಈ ಕಡೆಯಿಂದಲೂ ಹೋಗುತ್ತದೆ, ಆ ಕಡೆಯಿಂದಲೂ ಹೋಗುತ್ತದೆ. ಅವಳು ತಿರುಗಿಸಿ ಚುಚ್ಚಿದಳು. ಹಾಕಿದಳು. ಬಂದ್ ಮಾಡಿದಳು.

ಸರ ಪೂರ್ತಿ ಆರಲಿಲ್ಲ. ಬೂದಿಯೊಳಗಿನ ಕೆಂಡದ ಹಾಗೆ ಒಂದೊಂದು ಕಾಳಿನಲ್ಲೂ ಸಣ್ಣ ಬೆಳಕು ಉಳಿಯಿತು. ನಾವು ನೋಡುತ್ತಲೇ ಇದ್ದೆವು. ಅವಳ ಡಬ್ಬಿಯ ದೀಪಗಳ ಹಾಗೆ ಅದು ಇಳಿಯಲೂ ಇಲ್ಲ, ಮುಗಿಯಲೂ ಇಲ್ಲ.

"ಪ್ಲಗ್ ಉಲ್ಟಾ ಐತೆ, ತಿರುಗಿಸಿ ಹಾಕು," ಎಂದರು ಚಾಂದ್ ಪಾಷಾ ಭಾಯಿ, ಸಿಕ್ಕು ಬಿಡಿಸುತ್ತಲೇ. "ಎಲ್‌ಇಡಿ ಬಂದಾಗಿಂದ ಇದೊಂದು ಕಾಟ. ಹಳೇ ಬಲ್ಬಿಗೆ ಇಷ್ಟು ಚೂರು ಕರೆಂಟ್ ಎಲ್ಲಿ ಸಾಲ್ತಿತ್ತು? ಇವಕ್ಕೆ ವಾಸನೆ ಬಡಿದ್ರೂ ಸಾಕು, ಉರೀತಾವ. ನಾವು ಮೊದ್ಲು ತಂದ ವರ್ಷ ಗೊತ್ತಾಗ್ತಿರಲಿಲ್ಲ."

"ಸ್ವಿಚ್ ಬಂದ್ ಐತೆ ಅಲ್ಲೇನು?"

"ಬಂದ್ ಐತೆ."

"ಪೂರ್ತಿ ಬಂದ್?"

"ಪೂರ್ತಿ. ಸ್ವಿಚ್‌ದೇನು ತಪ್ಪಿಲ್ಲ."

ಶಾಹಿಸ್ತಾ ಕೆಳಗೆ ಕೂತಳು. ಸರದಲ್ಲಿ ಒಂದು ಕಡೆ ಟೇಪು ಬಿಚ್ಚಿದ ಜಾಯಿಂಟು ಇತ್ತು. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಟೆಸ್ಟರಿನ ತುದಿಯನ್ನು ಅದಕ್ಕೆ ತಾಗಿಸಿದಳು. ಟೆಸ್ಟರಿನೊಳಗಿನ ಪುಟ್ಟ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತು.

"ಬಡೇ ಅಬ್ಬಾ, ಇದರಾಗ ಕರೆಂಟ್ ಐತೆ."

"ಇರ್ತೈತೆ ಬೇಟಿ. ವೈರ್ ಎರಡು, ಸ್ವಿಚ್ ಕಡಿಯೋದು ಒಂದನ್ನ. ಪ್ಲಗ್ ಉಲ್ಟಾ ಹಾಕಿದ್ರೆ ಅದು ವಾಪಸ್ ಹೋಗೋ ವೈರ್ ಕಡೀತೈತೆ. ಕರೆಂಟ್ ಬರೋ ವೈರು ಸರದ ತುಂಬ ಹಂಗೇ ಇರ್ತೈತೆ. ಅದಕ್ಕೆ ಈಗ ನಾವು ಏಣಿ ಹತ್ತೋ ಮುಂಚೆ ಸ್ವಿಚ್ ನಂಬಲ್ಲ, ಪ್ಲಗ್ಗೇ ಕಿತ್ತು..."

ಅವರ ಕೈಯಲ್ಲಿದ್ದ ಸರ ಜಾರಿ ಮಡಿಲಿಗೆ ಬಿತ್ತು. ಅವರು ಆ ಮಂಕು ದೀಪಗಳನ್ನು ನೋಡಿದರು, ಬೋರ್ಡಿನ ಹತ್ತಿರ ಕೂತ ಹುಡುಗಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಇಷ್ಟು ವರ್ಷ ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡಿದ್ದ ಭಾರವೊಂದು ಈಗ ಏನೂ ಅಲ್ಲವೆಂದು ತಿಳಿದರೂ ಕೆಳಗಿಡುವುದು ಹೇಗೆಂದು ತೋಚದ ಮುಖ. ದಿನವೂ ಮಾಡುವ ಕೆಲಸ ಅವರದು, ಕೈಗೆ ಎಲ್ಲವೂ ಗೊತ್ತಿತ್ತು. ಆದರೆ ಆ ಸಂಜೆಯ ಕಡೆಗೆ ಅವರು ಒಂದು ದಿನವೂ ತಿರುಗಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನೋಡುತ್ತಾ ಇದ್ದವಳು ಅವಳೊಬ್ಬಳೇ.

ಹೋಟೆಲಿನವನು ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಹೊರಗೆ ಆಟೋ ಒಂದು ಹಾರನ್ ಹೊಡೆದು ಹೋಯಿತು. ನಾನು ಹೋಗಿ ಮಗಳ ಪಕ್ಕ ನೆಲದ ಮೇಲೆ ಕೂತೆ. ನಾನು ಕಾಪಿಟ್ಟುಕೊಂಡಿದ್ದ ಸುಳ್ಳು ಎಲ್ಲಿ ಹೋಯಿತೋ, ಹುಡುಕಿದರೂ ಸಿಗುವಂತಿರಲಿಲ್ಲ. ಅವಳು ಕೇಳಲಿ ಎಂದು ನಾನು ಬಯಸಿದ್ದು ಅದೇ ಮೊದಲು. ಕೇಳು ಮಗಳೇ, ಕೇಳು, ನನ್ನ ಹತ್ತಿರ ಈಗ ನಿಜವೇ ಇದೆ.

ಅವಳು ಟೆಸ್ಟರ್ ಕೆಳಗಿಟ್ಟಳು. ಗೋಡೆಯಿಂದ ಪ್ಲಗ್ಗನ್ನು ಕಿತ್ತಳು. ಸರ ಪೂರ್ತಿ ಕತ್ತಲಾಯಿತು. ಅರ್ಧ ಇಳಿಸಿದ ಶಟರಿನ ಕೆಳಗಿಂದ ಬಂದ ಬೆಳಕಿನಲ್ಲಿ ಅವಳ ಗಲ್ಲ ನಡುಗುವುದು ಕಾಣುತ್ತಿತ್ತು. ಆರು ವರ್ಷದ ಮಗುವಿನ ಗಲ್ಲ.

"ಅಮ್ಮಿ," ಎಂದಳು. "ಅಬ್ಬಾ ಹೇಳಿದ ಕೂಡ್ಲೇ ನಾನು ಬಂದ್ ಮಾಡಿದ್ದೆ. ಸರಿಯಾಗೇ ಮಾಡಿದ್ದೆ. ಮಾಡಿದ್ದೆ ಅಲ್ವಾ?"